ಇಪ್ಪತ್ತೊಂದನೇ ನಂಬರಿನ ಜಾಡು ಹಿಡಿದು: ಟೊರಾಂಟೊದಿಂದ ಕಿರುನಾಗೆ ಐದು ದಿನ

ಮೊದಲ ದಿನ, ಟೊರಾಂಟೊ

ಟೊರಾಂಟೊದ ಕಾರ್ಲ್‌ಟನ್ ಬೀದಿಯ ಲಾಬ್ಲಾಸ್ ದಿನಸಿ ಅಂಗಡಿಯಲ್ಲಿ, 25ನೇ ಸಾಲಿನ ನೆಲದ ಮೇಲೆ ಒಂದು ಕೆಂಪು ಚುಕ್ಕೆ ಇದೆ. ಗಾಡಿ ತಳ್ಳಿಕೊಂಡು ಹೋಗುವವರು ಅದನ್ನು ತುಳಿದೇ ಹೋಗುತ್ತಾರೆ. ನಾನೂ ಎಷ್ಟೋ ಸಲ ತುಳಿದಿದ್ದೇನೆ. ಈ ಕಟ್ಟಡ ಒಂದು ಕಾಲಕ್ಕೆ ಮೇಪಲ್ ಲೀಫ್ ಗಾರ್ಡನ್ಸ್ ಆಗಿತ್ತು. ಟೊರಾಂಟೊ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡ 1931ರಿಂದ 1999ರವರೆಗೆ ಆಡಿದ್ದು ಇಲ್ಲೇ. ಮಂಜಿನ ಅಂಗಳದ ನಟ್ಟನಡುವೆ ಎಲ್ಲಿತ್ತೋ, ಅಲ್ಲಿ ಈಗ ಈ ಚುಕ್ಕೆ.

ನನ್ನ ಪ್ರವಾಸ ಶುರುವಾಗಬೇಕಾದ್ದು ಇಲ್ಲಿಂದಲೇ ಅಂತ ಮೊದಲೇ ಅಂದುಕೊಂಡಿದ್ದೆ. ಬೆಳಗ್ಗೆ ಎಂಟಕ್ಕೇ ಹೋದೆ. ಜನ ಕಡಿಮೆ ಇದ್ದರು. ಚುಕ್ಕೆಯ ಮೇಲೆ ಎರಡೂ ಕಾಲಿಟ್ಟು ನಿಂತು ಮೇಲೆ ನೋಡಿದೆ. ಟ್ಯೂಬ್‌ಲೈಟು, ಗಾಳಿಯ ಪೈಪುಗಳು, ಅಷ್ಟೇ. ಆದರೆ 1976ರ ಸೆಪ್ಟೆಂಬರಿನಲ್ಲಿ ಇಲ್ಲಿ ಒಂದು ಘಟನೆ ನಡೆಯಿತು. ಮೊದಲ ಕೆನಡಾ ಕಪ್ ಪಂದ್ಯಾವಳಿ. ಸ್ವೀಡನ್ ತಂಡದ ಆಟಗಾರರ ಹೆಸರನ್ನು ಒಬ್ಬೊಬ್ಬರದ್ದಾಗಿ ಕೂಗುತ್ತಿದ್ದರು. ಲೀಫ್ಸ್ ತಂಡಕ್ಕೆ 21ನೇ ನಂಬರಿನ ಅಂಗಿಯಲ್ಲಿ ಡಿಫೆನ್ಸ್ ಆಡುತ್ತಿದ್ದ ಬೋರ್ಯೆ ಸಾಲ್ಮಿಂಗ್ ಹೆಸರು ಕೂಗಿದ ಕೂಡಲೇ ಇಡೀ ಅಂಗಳ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ಹಾಕಿಕೊಂಡಿದ್ದದ್ದು ಬೇರೆ ದೇಶದ ಅಂಗಿ. ಎದ್ದು ನಿಂತವರು ಕೆನಡಾದವರು. ಮೂರೇ ವರ್ಷ ಹಿಂದೆ ಇದೇ ದೇಶದಲ್ಲಿ ಸ್ವೀಡನ್ ಆಟಗಾರ ಅಂದರೆ ಪುಕ್ಕಲ ಅಂತ ನಗುತ್ತಿದ್ದರು.

ನಾನು ಈ ದೇಶಕ್ಕೆ ಬಂದಾಗ ನನಗೆ ಹಾಕಿ ಅಂದರೆ ಹುಲ್ಲಿನ ಮೇಲಿನ ಹಾಕಿ, ಕೊಡಗಿನವರ ಆಟ. ಮಂಜಿನ ಮೇಲಿನ ಈ ಆಟ ಎಷ್ಟೋ ವರ್ಷ ಅರ್ಥವೇ ಆಗಲಿಲ್ಲ. ಚೆಂಡಿನ ಬದಲು ಇರುವ ಆ ಕಪ್ಪು ಬಿಲ್ಲೆ, ಪಕ್, ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಗೋಲ್ ಆಗಿರುತ್ತಿತ್ತು. ಎಲ್ಲ ಬದಲಾದದ್ದು 2022ರ ನವೆಂಬರಿನಲ್ಲಿ. ಒಂದು ವಾರಾಂತ್ಯ, ಎರಡು ರಾತ್ರಿ, ಟಿವಿ ಮುಂದೆ ಕೂತಿದ್ದೆ. 71 ವರ್ಷದ ಒಬ್ಬರನ್ನು ಮೆಲ್ಲಗೆ ನಡೆಸಿಕೊಂಡು ಮಂಜಿನ ಮೇಲೆ ಕರೆತಂದರು. ಅವರಿಗೆ ಎಎಲ್‌ಎಸ್ ಎಂಬ ಕಾಯಿಲೆ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತವೆ. ಮಾತು ಹೋಗಿತ್ತು. ಜನರತ್ತ ಕೈ ಬೀಸಬೇಕು, ಕೈ ಏಳುತ್ತಿಲ್ಲ. ಪಕ್ಕದಲ್ಲಿದ್ದ ಹಳೆಯ ನಾಯಕ ಡ್ಯಾರಿಲ್ ಸಿಟ್ಲರ್ ಆ ಕೈಯನ್ನು ತಾನೇ ಹಿಡಿದು ಮೇಲೆತ್ತಿದರು. ಸಿಟ್ಲರ್ ಅಳುತ್ತಿದ್ದರು. ಎರಡನೇ ರಾತ್ರಿ ಲೀಫ್ಸ್ ತಂಡ ಗೋಲು ಕಾಯುವ ಗೋಲಿಯೂ ಸೇರಿ ಆರಕ್ಕೆ ಆರೂ ಜನ ಸ್ವೀಡನ್‌ನವರನ್ನೇ ಇಳಿಸಿ ಪಂದ್ಯ ಶುರುಮಾಡಿತು. ಅದಾಗಿ ಹನ್ನೆರಡು ದಿನಕ್ಕೆ, ನವೆಂಬರ್ 24ರಂದು, ಸಾಲ್ಮಿಂಗ್ ತೀರಿಕೊಂಡರು.

ಯಾರಪ್ಪಾ ಇವರು ಅಂತ ಓದುತ್ತಾ ಹೋದೆ. ಓದಿದಷ್ಟೂ ಬಿಡಲಾಗಲಿಲ್ಲ. ಮೂರು ವರ್ಷ ಆದ ಮೇಲೆ ಈಗ ಹೊರಟಿದ್ದೇನೆ. ಅವರ ಬದುಕನ್ನು ಕೊನೆಯಿಂದ ಮೊದಲಿಗೆ, ಅಂದರೆ ಪ್ರತಿಮೆಯಿಂದ ಹುಟ್ಟಿದೂರಿನ ಕಡೆಗೆ, ಸ್ವೀಡನ್‌ನ ಉತ್ತರದ ಕಿರುನಾಗೆ, ನಡೆದು ನೋಡಬೇಕು ಅಂತ.

ಪ್ರತಿಮೆ ಇರುವುದು ಈಗಿನ ಅರೀನಾದ ಹೊರಗೆ, ಲೆಜೆಂಡ್ಸ್ ರೋ ಎಂಬ ಸಾಲಿನಲ್ಲಿ. ಉದ್ದನೆಯ ಗ್ರಾನೈಟ್ ಬೆಂಚು, ಅದರ ಸುತ್ತ ಕಂಚಿನ ಆಟಗಾರರು. ಒಬ್ಬ ಅಜ್ಜ ಮೊಮ್ಮಗಳನ್ನು ಎತ್ತಿ ಹಿಡಿದು ಫೋಟೋ ತೆಗೆಸುತ್ತಿದ್ದರು. ಮಗು ಕಂಚಿನ ಮುಖವನ್ನು ಅಂಗೈಯಿಂದ ಸವರಿತು. ಆ ಮುಖದ ಕಥೆ ಮಗುವಿಗೆ ಗೊತ್ತಿರಲಿಕ್ಕಿಲ್ಲ. 1986ರ ನವೆಂಬರಿನಲ್ಲಿ, ಡೆಟ್ರಾಯಿಟ್ ವಿರುದ್ಧದ ಪಂದ್ಯದಲ್ಲಿ ಸಾಲ್ಮಿಂಗ್ ಗೋಲಿನ ಮುಂದೆ ಬಿದ್ದಿದ್ದಾಗ ಎದುರಾಳಿಯೊಬ್ಬರ ಸ್ಕೇಟಿನ ಅಲಗು ಮುಖದ ಮೇಲೆ ಬಂತು. ಬೇಕಂತ ಮಾಡಿದ್ದಲ್ಲ. ಹಣೆಯಿಂದ ಬಾಯಿಯವರೆಗೆ ಸೀಳಿತು. 200ಕ್ಕೂ ಹೆಚ್ಚು ಹೊಲಿಗೆ. ಆಮೇಲೆ ಮತ್ತೆ ಆಡಿದರು. ಅದೇ ವರ್ಷ, ತಾನು ಹಿಂದೆ ಕೊಕೇನ್ ತೆಗೆದುಕೊಂಡಿದ್ದೆ ಅಂತ ಪತ್ರಿಕೆಯೊಂದಕ್ಕೆ ತಾವೇ ಹೇಳಿ, ಶಿಕ್ಷೆಯಾಗಿ 8 ಪಂದ್ಯ ಹೊರಗೆ ಕೂತರು. ಇದನ್ನೂ ಹೇಳಬೇಕು. ಮುಚ್ಚಿಟ್ಟು ಹೊಗಳಿದರೆ ಅವರಿಗೇ ಅನ್ಯಾಯ.

ಎರಡನೇ ದಿನ, ಸ್ಟಾಕ್‌ಹೋಮ್

ಈ ದಿನದ ಬಗ್ಗೆ ಹೇಳೋದು ಕಡಿಮೆ. ನಡುವೆ ವಿಮಾನ ಬದಲಿಸುವಾಗ ನನ್ನ ಚೀಲ ಹಿಂದೆಯೇ ಉಳಿಯಿತು. ಸ್ವೆಟರು, ದಪ್ಪ ಕಾಲುಚೀಲ ಎಲ್ಲ ಅದರಲ್ಲೇ. ವಿಮಾನ ನಿಲ್ದಾಣದಲ್ಲಿ ಅರ್ಜಿ ಬರೆದುಕೊಟ್ಟು ಬರುವಷ್ಟರಲ್ಲಿ ಮಧ್ಯಾಹ್ನ. ಚೀಲ ಮರುದಿನ ಬೆಳಗ್ಗೆ ಬಂತು, ಪುಣ್ಯ.

ಸಂಜೆ ದಕ್ಷಿಣದ ಯೊಹಾನ್ನೆಸ್‌ಹೋವ್ ಕಡೆ ಹೋದೆ. ದೊಡ್ಡ ಬಿಳಿ ಚೆಂಡನ್ನು ನೆಲದಲ್ಲಿ ಅರ್ಧ ಹೂತಿಟ್ಟ ಹಾಗೆ ಕಾಣುವ ಕಟ್ಟಡ ಅದು. ಗ್ಲೋಬೆನ್ ಅಂತ ಹಳೆಯ ಹೆಸರು, ಈಗ ಅವೀಚಿ ಅರೀನಾ. ಎನ್‌ಎಚ್‌ಎಲ್, ಅಂದರೆ ಕೆನಡಾ ಮತ್ತು ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್, ಬಿಟ್ಟು 1990ರಲ್ಲಿ ಊರಿಗೆ ಮರಳಿದ ಸಾಲ್ಮಿಂಗ್ ಈ ನಗರದ ಎಐಕೆ ತಂಡಕ್ಕೆ ಮೂರು ಋತು ಆಡಿದರು. ಆಗ ವಯಸ್ಸು ನಲವತ್ತರ ಆಸುಪಾಸು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ಗೂ ಹೋಗಿ ಬಂದರು. ಅವರು ತೀರಿಕೊಂಡ ಮರುವರ್ಷ, 2023ರ ನವೆಂಬರ್ 17ರಂದು, ಇದೇ ಅರೀನಾದಲ್ಲಿ ಟೊರಾಂಟೊ ಮತ್ತು ಡೆಟ್ರಾಯಿಟ್ ಎದುರಾದವು. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ಈ ಎರಡೇ ತಂಡಗಳಿಗೆ. ಟೊರಾಂಟೊ 3–2ರಿಂದ ಗೆದ್ದಿತು. ಅಂದು ಬರಬೇಕಿತ್ತು ಅಂತ ಆ ಬಿಳಿ ಗೋಡೆಯ ಮುಂದೆ ನಿಂತು ತುಂಬಾ ಅನ್ನಿಸಿತು.

ಮೂರನೇ ದಿನ, ಯೆವ್ಲೆ

ಬರೆಯುವಾಗ ಜಿ ಇದ್ದರೂ ಊರಿನವರು ಹೇಳೋದು ಯೆವ್ಲೆ ಅಂತ. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಒಂದೂವರೆ ಗಂಟೆ. ಕಾಫಿ ಹುರಿಯುವ ಊರು. ಯೆವಾಲಿಯ ಕಾಫಿ ಹುಟ್ಟಿದ್ದು ಇಲ್ಲೇ. ರೈಲಿಳಿದ ಕೂಡಲೇ ಹುರಿದ ಬೀಜದ ವಾಸನೆ ಬಂತು. ಆ ಚಳಿಯಲ್ಲಿ ಅದೊಂದು ಉಪಕಾರವೇ ಸರಿ. ಪ್ರತಿ ಕ್ರಿಸ್‌ಮಸ್‌ಗೆ ಒಣಹುಲ್ಲಿನ ದೈತ್ಯ ಮೇಕೆ ನಿಲ್ಲಿಸುವುದೂ ಈ ಊರಲ್ಲೇ. ಅದಿನ್ನೂ ಎದ್ದಿರಲಿಲ್ಲ.

ಬ್ರೂನೆಸ್ ಎಂಬುದು ಇಲ್ಲಿನ ಒಂದು ಬಡಾವಣೆ. ಕಾರ್ಮಿಕರ ಬಡಾವಣೆ. ಅದರ ಹೆಸರೇ ತಂಡಕ್ಕೂ. 1960, 70ರ ದಶಕಗಳಲ್ಲಿ ಸ್ವೀಡನ್‌ನ ಚಾಂಪಿಯನ್ ಯಾರು ಅಂದರೆ ಎಷ್ಟೋ ವರ್ಷ ಬ್ರೂನೆಸ್. ಅಣ್ಣ ಸ್ಟೀಗ್ ಮೊದಲು ಇಲ್ಲಿಗೆ ಬಂದರು. ಹಿಂದೆಯೇ 1970ರಲ್ಲಿ ತಮ್ಮನೂ ಬಂದ. 1971, 1972, ಎರಡೂ ವರ್ಷ ಪಟ್ಟ ಬ್ರೂನೆಸ್‌ಗೆ.

ಅರೀನಾದ ಹತ್ತಿರ ಒಂದು ಸಣ್ಣ ಕೆಫೆಯಲ್ಲಿ ಕೂತಿದ್ದೆ. ನನ್ನ ಟೊಪ್ಪಿಯ ಮೇಲಿನ ನೀಲಿ ಎಲೆ ನೋಡಿ ಪಕ್ಕದ ಮೇಜಿನ ಹಿರಿಯರೊಬ್ಬರು ಮಾತಿಗೆ ಬಂದರು. ಹುಡುಗರಾಗಿದ್ದಾಗ ಸಾಲ್ಮಿಂಗ್ ಆಟವನ್ನು ಇಲ್ಲೇ ನಿಂತು ನೋಡಿದವರು. ಅವರ ಇಂಗ್ಲಿಷು ಸ್ವಲ್ಪ, ನನ್ನ ಸ್ವೀಡಿಷ್ ಸೊನ್ನೆ. ಮಾತು ಸಾಲದೆ ಹೋದಾಗ ಅವರು ಮೇಜಿನ ಮೇಲೆ ಒಂದು ಸಕ್ಕರೆ ಗಟ್ಟಿ ಇಟ್ಟರು. ಅದು ಪಕ್. ಎರಡು ಚಮಚ ತೆಗೆದುಕೊಂಡು ಒಂದರ ಮೇಲೊಂದು ಅಡ್ಡಡ್ಡ ಮಲಗಿಸಿದರು. ಅದು ಸಾಲ್ಮಿಂಗ್ ಕಾಲು. ಬೆರಳಿಂದ ಸಕ್ಕರೆಯನ್ನು ಚಿಮ್ಮಿದರು. ಟಣ್ ಅಂತ ಚಮಚಕ್ಕೆ ಬಡಿದು ನಿಂತಿತು. ಮತ್ತೆ ಚಿಮ್ಮಿದರು, ಈ ಸಲ ಇನ್ನೂ ಜೋರಾಗಿ. ಮತ್ತೆ ಟಣ್. ಆಮೇಲೆ ತಮ್ಮ ಮೊಣಕಾಲಿನ ಕೆಳಗಿನ ಮೂಳೆ, ಪಕ್ಕೆ, ದವಡೆ, ಒಂದೊಂದನ್ನೇ ಮುಟ್ಟಿ ತೋರಿಸಿದರು. ಪಕ್ ಅಂದರೆ 170 ಗ್ರಾಂ ತೂಕದ ಗಟ್ಟಿ ರಬ್ಬರು. ಜೋರು ಹೊಡೆತದಲ್ಲಿ ಗಂಟೆಗೆ 150 ಕಿಲೋಮೀಟರು ದಾಟುತ್ತದೆ. ಗೋಲಿಗೆ ಬೇಕಾದಷ್ಟು ರಕ್ಷಾಕವಚ ಇರುತ್ತೆ. ಡಿಫೆನ್ಸ್‌ನವನಿಗೆ ಅಷ್ಟಿಲ್ಲ. ಅದರ ಮುಂದೆ ಬೇಕಂತಲೇ ಹೋಗಿ ಮಲಗೋದು ಸಾಲ್ಮಿಂಗ್ ಅವರ ರೂಢಿ. ಮುಖಕ್ಕೆ ಸ್ಕೇಟ್ ಬಿದ್ದದ್ದೂ ಹಾಗೆ ಮಂಜಿಗೆ ಬಿದ್ದಿದ್ದಾಗಲೇ ಅಲ್ವಾ.

ಸಾಲ್ಮಿಂಗ್ ಟೊರಾಂಟೊಗೆ ಹೋದ ಕಥೆ ಕೇಳಿ. 1972ರ ಕೊನೆಗೆ ಲೀಫ್ಸ್ ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್ ಗೆರಿ ಮ್ಯಾಕ್‌ನಮಾರಾ ಸ್ವೀಡನ್‌ಗೆ ಬಂದದ್ದು ಕುರ್ಟ್ ಲಾರ್ಸನ್ ಎಂಬ ಗೋಲಿಯನ್ನು ನೋಡಲು. ಆ ಗೋಲಿಗೆ ಗಾಯ. ಬಂದದ್ದಾಯಿತು ಅಂತ, ಪ್ರವಾಸಕ್ಕೆ ಬಂದಿದ್ದ ಕೆನಡಾದ ಬ್ಯಾರಿ ಫ್ಲೈಯರ್ಸ್ ಎಂಬ ತಂಡದ ಎದುರು ಬ್ರೂನೆಸ್ ಆಡುವ ಪಂದ್ಯಕ್ಕೆ ಹೋದರು. ಕೆನಡಾದವರು ಮೈಮೇಲೆ ಬೀಳುತ್ತಿದ್ದರು. ಕೊನೆಗೆ ಸಾಲ್ಮಿಂಗ್ ತಾಳ್ಮೆ ಕಳೆದುಕೊಂಡು ರೆಫರಿಯನ್ನು ತಳ್ಳಿ ಹೊರಗೆ ಹಾಕಿಸಿಕೊಂಡರು. ಬೇರೆಯವರಾಗಿದ್ದರೆ ಇವನ ಸಹವಾಸ ಬೇಡ ಅಂತಿದ್ದರು. ಮ್ಯಾಕ್‌ನಮಾರಾ ನೇರ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ತಮ್ಮ ಕಾರ್ಡ್ ಕೊಟ್ಟು, ಟೊರಾಂಟೊಗೆ ಬರ್ತೀಯಾ ಅಂತ ಕೇಳಿದರು. ಬ್ರೂನೆಸ್‌ನ ಇಂಗೆ ಹಮ್ಮರ್‌ಸ್ಟ್ರೋಮ್ ಅವರನ್ನೂ ಕರೆದರು. 1973ರ ಶರತ್ಕಾಲದಲ್ಲಿ ಇಬ್ಬರೂ ಹೊರಟರು.

ಅಲ್ಲಿಗೆ ಹೋದಾಗ ಕಾದಿದ್ದೇನು? ಅವರಿಗಿಂತ ಮೊದಲು ಹೋದ ಸ್ವೀಡನ್‌ನವರು ಬೆರಳೆಣಿಕೆಯಷ್ಟು. ಉಲ್ಫ್ ಸ್ಟೆರ್ನರ್ 1965ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಬರೀ 4 ಪಂದ್ಯ ಆಡಿದ್ದರು. ಯುರೋಪಿನವರು ಚೆನ್ನಾಗಿ ಜಾರುತ್ತಾರೆ, ಆದರೆ ಹೊಡೆದರೆ ಓಡುತ್ತಾರೆ ಅನ್ನೋದು ಆಗಿನ ಮಾತು. ಚಿಕನ್ ಸ್ವೀಡ್, ಅಂದರೆ ಪುಕ್ಕಲ ಸ್ವೀಡಿಗ, ಅಂತ ಹೆಸರಿಟ್ಟಿದ್ದರು. ಮೊದಲ ಪಂದ್ಯ ಟೊರಾಂಟೊದಲ್ಲಿ, ಬಫಲೋ ವಿರುದ್ಧ. ಅಲ್ಲಿ ಮೆಚ್ಚುಗೆ ಸಿಕ್ಕಿತು. ಎರಡನೆಯದು ಫಿಲಡೆಲ್ಫಿಯಾದಲ್ಲಿ. ಫ್ಲೈಯರ್ಸ್ ಅಂದರೆ ಆಗ ಹೊಡೆದಾಟಕ್ಕೇ ಹೆಸರಾದ ತಂಡ. ಅಂದಿನಿಂದ ಸ್ಟಿಕ್ಕಿನ ತಿವಿತ, ಮೊಣಕೈ ಏಟು, ಬಾಯಿಗೆ ಬಂದ ಬೈಗುಳ. ಹಮ್ಮರ್‌ಸ್ಟ್ರೋಮ್ ಅವರನ್ನಂತೂ ಲೀಫ್ಸ್ ತಂಡದ ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ಅವರೇ ಆಡಿಕೊಂಡರು. ಜೇಬಿನಲ್ಲಿ ಅರ್ಧ ಡಜನ್ ಮೊಟ್ಟೆ ಇಟ್ಟುಕೊಂಡು ಮೂಲೆಗೆ ನುಗ್ಗಿದರೂ ಒಂದೂ ಒಡೆಯಲ್ಲ ಅಂತ. ತಂಡದ ಮಾಲೀಕ ಆಡುವ ಮಾತೇ ಇದು? ಓದಿದಾಗಲೆಲ್ಲ ಸಿಟ್ಟು ಬರುತ್ತೆ. ಹಮ್ಮರ್‌ಸ್ಟ್ರೋಮ್ ಆಮೇಲೆ ಅದೇ ಫಿಲಡೆಲ್ಫಿಯಾ ತಂಡಕ್ಕೆ ಸ್ವೀಡನ್‌ನಲ್ಲಿ ಆಟಗಾರರನ್ನು ಹುಡುಕಿಕೊಡುವ ಸ್ಕೌಟ್ ಆದರು. ಕಾಲ ಹೀಗೂ ತಿರುಗುತ್ತೆ.

ಸಾಲ್ಮಿಂಗ್ ಏನು ಮಾಡಿದರು ಅಂದರೆ, ಎದ್ದರು. ಅಷ್ಟೇ. ಪ್ರತಿ ಸಲ ಎದ್ದು ಪಕ್ ತೆಗೆದುಕೊಂಡು ಮುಂದೆ ಹೋದರು. ಬೇಕಾದಾಗ ತಿರುಗಿಸಿಯೂ ಕೊಟ್ಟರು, ಆದರೆ ಹೊಡೆದಾಟ ಅವರ ಕಸುಬಾಗಲಿಲ್ಲ. ಕಸುಬು ಆಟ. 16 ಋತು ಟೊರಾಂಟೊ, ಒಂದು ಡೆಟ್ರಾಯಿಟ್, ಒಟ್ಟು 1148 ಪಂದ್ಯ. 1977ರಲ್ಲಿ ಲೀಗಿನ ಆ ವರ್ಷದ ಅತ್ಯುತ್ತಮರ ಪಟ್ಟಿಗೆ, ಅಂದರೆ ಮೊದಲ ಆಲ್‌ಸ್ಟಾರ್ ತಂಡಕ್ಕೆ, ಆಯ್ಕೆ. ಯುರೋಪಿನಲ್ಲಿ ಬೆಳೆದ ಯಾರಿಗೂ ಅಲ್ಲಿಯವರೆಗೆ ಸಿಗದ ಜಾಗ ಅದು. 1988ರಲ್ಲಿ ಸಾವಿರ ಪಂದ್ಯ ಮುಗಿಸಿದರು, ಯುರೋಪಿನವರಲ್ಲಿ ಅದೂ ಮೊದಲು. ಲೀಫ್ಸ್ ಪರ 620 ಅಸಿಸ್ಟ್. ಗೋಲ್ ಹೊಡೆಯಲು ಇನ್ನೊಬ್ಬರಿಗೆ ದಾರಿ ಮಾಡಿಕೊಡುವುದಕ್ಕೆ ಅಸಿಸ್ಟ್ ಅಂತಾರೆ. ನೂರು ವರ್ಷ ದಾಟಿದ ಆ ತಂಡದಲ್ಲಿ ಡಿಫೆನ್ಸ್ ಆಡುವವರು ಈ ದಾಖಲೆ ಇಟ್ಟುಕೊಂಡಿರುವುದು ಸಣ್ಣ ಮಾತಲ್ಲ. ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಮಾತ್ರ ಕೈಗೆ ಬರಲಿಲ್ಲ. ಬಲ್ಲಾರ್ಡ್ ಕಾಲದ ಲೀಫ್ಸ್ ಅದಕ್ಕೆ ಹತ್ತಿರವೂ ಹೋಗಲಿಲ್ಲ. 1978ರ ಸೆಮಿಫೈನಲ್ಲೇ ಹೆಚ್ಚು. ಆದರೂ ಅವರು 1996ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಸ್ವೀಡಿಗ.

ಕೆಫೆಯ ಹಿರಿಯರು ಏಳುವಾಗ ಆ ಸಕ್ಕರೆ ಗಟ್ಟಿಯನ್ನೇ ಕೊನೆಯ ಗುಟುಕಿಗೆ ಹಾಕಿಕೊಂಡು ಕುಡಿದರು. ಈ ಊರಿನ ನಿಕ್ಲಾಸ್ ಬೆಕ್‌ಸ್ಟ್ರೋಮ್ ವಾಷಿಂಗ್ಟನ್‌ಗೆ ಆಡಿ ಸ್ಟ್ಯಾನ್ಲಿ ಕಪ್ ಗೆದ್ದ ಸುದ್ದಿಯನ್ನೂ ಹೇಳಿದರು. ಅವರಿಗೆ ಅದು ದೊಡ್ಡ ವಿಷಯ ಅನ್ನಿಸಿದ ಹಾಗೆ ಕಾಣಲಿಲ್ಲ. ಇಲ್ಲಿಂದ ಹುಡುಗರು ಅಲ್ಲಿಗೆ ಹೋಗ್ತಾರೆ, ಆಡ್ತಾರೆ, ಇರೋದೇ ಹಾಗೆ. ನನ್ನನ್ನು ತಟ್ಟಿದ್ದು ಅದೇ. ನಾನು ಟೊರಾಂಟೊಗೆ ಬಂದಾಗ ಬಾಡಿಗೆ ಮನೆ, ಬ್ಯಾಂಕಿನ ಖಾತೆ, ಮೊದಲ ಕೆಲಸ, ಎಲ್ಲ ಸಲೀಸಾಗಿ ಆಯಿತು. ನನಗಿಂತ ಮೂವತ್ತು ವರ್ಷ ಮೊದಲು ಬಂದ ನಮ್ಮವರಿಗೆ ಆಗಿರಲಿಲ್ಲ. ಅವರು ತಿಂದ ಏಟಿನ ಮೇಲೆ ನಾನು ನಡೆದು ಬಂದೆ. ಅದು ಗೊತ್ತಾಗಲು ನನಗೆ ಬಹಳ ವರ್ಷ ಹಿಡಿಯಿತು.

ನಾಲ್ಕನೇ ದಿನ, ರೈಲು ಮತ್ತು ಕಿರುನಾ

ಯೆವ್ಲೆಯಲ್ಲಿ ರಾತ್ರಿ ರೈಲು ಹತ್ತಿದೆ. ಬರುವಾಗಲೇ ತಡ, ಮುಂದೆ ಇನ್ನೂ ತಡವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಗೊಣಗಲಿಲ್ಲ. ಉತ್ತರಕ್ಕೆ ಹೋಗುವವರಿಗೆ ಅಭ್ಯಾಸ ಇರಬೇಕು. ಮೇಲಿನ ಬರ್ತಿನಲ್ಲಿ ಮಲಗಿ ಎದ್ದಾಗಲೂ ಕಾಡು, ಮತ್ತೆ ಎದ್ದಾಗಲೂ ಅದೇ ಕಾಡು. ಪೈನ್ ಮರಗಳು ಹೋಗ್ತಾ ಹೋಗ್ತಾ ಗಿಡ್ಡ ಆದವು. ಮುರ್ಯೆಕ್ ದಾಟಿದ ಮೇಲೆ ಆರ್ಕ್‌ಟಿಕ್ ವೃತ್ತ.

ಹತ್ತೊಂಬತ್ತು ವರ್ಷದ ಹುಡುಗ ಇಷ್ಟು ದೂರ ಕೆಳಗಿಳಿದು ಬಂದಿದ್ದ. ನಕ್ಷೆಯಲ್ಲಿ ನೋಡಿದಾಗ ಇದು ಹೊಳೆದಿರಲಿಲ್ಲ. ಟೊರಾಂಟೊಗೆ ಹಾರುವುದಕ್ಕಿಂತ ಮೊದಲೇ ಅವರು ಒಂದು ಸಲ ಊರು ಬಿಟ್ಟಿದ್ದರು.

ಕಿರುನಾದಲ್ಲಿ ಇಳಿದಾಗ ಮೈನಸ್ ಹದಿನಾರು. ಮೂಗಿನೊಳಗಿನ ಕೂದಲು ಗರಿಗರಿ ಆದ ಹಾಗೆ. ನವೆಂಬರ್ ಕೊನೆಗೆ ಇಲ್ಲಿ ಸೂರ್ಯ ಮೂರು ಗಂಟೆ ಮಾತ್ರ. ಅದೂ ದಿಗಂತದ ಅಂಚಿನಲ್ಲಿ ಹಾದು ಹೋಗುತ್ತೆ. ಉಳಿದ ಹೊತ್ತು ಎಲ್ಲವೂ ನೀಲಿ. ಹಿಮ ನೀಲಿ, ಗೋಡೆ ನೀಲಿ, ಎದುರು ಬರುವವರ ಮುಖ ನೀಲಿ.

ಈ ಊರು ಈಗ ಎದ್ದು ನಡೆಯುತ್ತಿದೆ. ನಿಜವಾಗಿಯೂ. ಕೆಳಗಿನ ಕಬ್ಬಿಣದ ಅದಿರನ್ನು ತೆಗೆದು ತೆಗೆದು ನೆಲ ಬಿರುಕು ಬಿಡುತ್ತಿದೆ. ಅದಕ್ಕೆ ಊರಿನ ನಡುಭಾಗವನ್ನೇ ಸುಮಾರು ಮೂರು ಕಿಲೋಮೀಟರು ಪೂರ್ವಕ್ಕೆ ಸಾಗಿಸಿದ್ದಾರೆ. 1912ರಲ್ಲಿ ಕಟ್ಟಿ ಮುಗಿಸಿದ ಕೆಂಪು ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಬಿಚ್ಚದೆ, ಇಡಿಯಾಗಿ, ಗಾಲಿಗಳ ಮೇಲೆ ಎರಡು ದಿನ ನಡೆಸಿಕೊಂಡು ಬಂದರು. ಹೊಸ ಜಾಗದಲ್ಲಿ ಅದನ್ನು ನೋಡಿದೆ. ಸುತ್ತ ಹೊಸ ಮಣ್ಣಿನ ದಿಬ್ಬ, ಮೇಲೆ ಹಿಮ. ಮನೆ ಬದಲಿಸಿದ ಅಜ್ಜಿ ಹೊಸ ಜಗಲಿಯಲ್ಲಿ ಕೂತ ಹಾಗಿತ್ತು.

ಸಾಲ್ಮಿಂಗ್ ಹುಟ್ಟಿದ್ದು 1951ರ ಏಪ್ರಿಲ್ 17ರಂದು, ಹತ್ತಿರದ ಸಾಲ್ಮಿ ಎಂಬ ಹಳ್ಳಿಯಲ್ಲಿ. ಮನೆತನದ ಹೆಸರು ಬಂದದ್ದೂ ಆ ಹಳ್ಳಿಯಿಂದ. ಅಪ್ಪ ಸಾಮಿ ಜನದವರು. ಹಿಮಸಾರಂಗ ಸಾಕಿಕೊಂಡು ಈ ಉತ್ತರದಲ್ಲಿ ಎಲ್ಲರಿಗಿಂತ ಮೊದಲಿಂದ ಇರುವವರು ಸಾಮಿಗಳು. ಸ್ವೀಡನ್‌ನೊಳಗೇ ಅವರನ್ನು ಕೀಳಾಗಿ ಕಂಡ ಕಾಲ ಅದು. ಟೊರಾಂಟೊದಲ್ಲಿ ಕೇಳಿದ ಬೈಗುಳ ಈ ಹುಡುಗನಿಗೆ ಹೊಸದಾಗಿರಲಿಕ್ಕಿಲ್ಲ ಅಂತ ನನಗನ್ನಿಸುತ್ತೆ.

ಮಧ್ಯಾಹ್ನ ಮೂರಕ್ಕೇ ಕಗ್ಗತ್ತಲು. ಮನೆಗಳ ನಡುವೆ ನೀರು ಹಾಕಿ ಗಟ್ಟಿ ಮಾಡಿದ ಒಂದು ಪುಟ್ಟ ಅಂಗಳ, ಎರಡು ದೀಪ. ಆರೇಳು ಮಕ್ಕಳು ಆಡುತ್ತಿದ್ದರು. ಒಂದು ಹುಡುಗಿಯ ಕೈಗವಸು ಮಂಜಿಗೆ ಅಂಟಿಕೊಂಡಿತು. ಹಲ್ಲಿನಲ್ಲಿ ಕಚ್ಚಿ ಕಿತ್ತುಕೊಂಡು ಮತ್ತೆ ಓಡಿದಳು. ನಾನು ಇಪ್ಪತ್ತು ನಿಮಿಷ ನಿಂತೆ. ಕಾಲು ಮರಗಟ್ಟಿದ ಮೇಲೆ ಹೊರಟೆ. ಅವರು ಇನ್ನೂ ಆಡುತ್ತಲೇ ಇದ್ದರು.

ಐದನೇ ದಿನ, ನವೆಂಬರ್ 24

ಗಣಿ ನೋಡಲು ಬಸ್ಸಿನಲ್ಲೇ ಒಳಗೆ ಕರೆದುಕೊಂಡು ಹೋಗುತ್ತಾರೆ. ಸುರಂಗದ ರಸ್ತೆ ಸುತ್ತುತ್ತಾ ಇಳಿಯುತ್ತೆ. ಕಿವಿ ಗುಂಯ್ ಅಂತ ಮುಚ್ಚುತ್ತೆ. ನೆಲದಿಂದ 540 ಮೀಟರು ಕೆಳಗೆ ಬಸ್ಸು ನಿಂತಿತು. ಇಳಿದರೆ ಹೊರಗಿನಷ್ಟು ಚಳಿಯಿಲ್ಲ. ಎಲ್‌ಕೆಎಬಿ ಎಂಬ ಸರ್ಕಾರಿ ಕಂಪನಿಯ ಗಣಿ ಇದು. 1890ರಲ್ಲಿ ಶುರುವಾದ ಕಂಪನಿ. ನೆಲದಡಿಯ ಕಬ್ಬಿಣದ ಗಣಿಗಳಲ್ಲಿ ಜಗತ್ತಿಗೇ ದೊಡ್ಡದು. ಕೆಲಸ ಈಗ ನಡೆಯುವುದು ಸಾವಿರ ಮೀಟರಿಗಿಂತಲೂ ಕೆಳಗೆ.

ಬೋರ್ಯೆಗೆ ಐದು ವರ್ಷ ಇದ್ದಾಗ ಅಪ್ಪ ಗಣಿಯ ಅಪಘಾತದಲ್ಲಿ ತೀರಿಕೊಂಡರು. ಅಮ್ಮನ ಹೆಗಲ ಮೇಲೆ ಮನೆ ಬಿತ್ತು. ಅಣ್ಣ ಸ್ಟೀಗ್ ಚಿಕ್ಕವನಿಗೆ ಅಪ್ಪನ ಹಾಗೆ ನಿಂತ. ಹೊರಗೆ ಎಳೆದುಕೊಂಡು ಹೋಗಿ ಹಾಕಿ ಆಡಿಸಿದ. ಯೆವ್ಲೆಗೆ ತಮ್ಮ ಅಣ್ಣನ ಹಿಂದೆಯೇ ಹೋದದ್ದು ಸುಮ್ನೆ ಅಲ್ಲ.

ಗೈಡ್ ಹುಡುಗಿ ಎಲ್ಲರಿಗೂ ಒಂದಿಷ್ಟು ಅದಿರಿನ ಗುಂಡು ಕೊಟ್ಟಳು. ಪೆಲೆಟ್ ಅಂತಾರೆ. ಕಡಲೆಕಾಳಿಗಿಂತ ಚೂರು ದೊಡ್ಡದು, ಬೂದು ಕಪ್ಪು. ಅದಿರನ್ನು ಪುಡಿ ಮಾಡಿ, ಉಂಡೆ ಕಟ್ಟಿ, ಸುಟ್ಟು ಗಟ್ಟಿ ಮಾಡುತ್ತಾರೆ. ರೈಲಿನಲ್ಲಿ ನಾರ್ವೆಯ ನಾರ್ವಿಕ್ ಬಂದರಿಗೆ ಹೋಗೋದು ಹೀಗೇ, ಗುಂಡಾಗಿ. ಅಂಗೈಯಲ್ಲಿ ಇಟ್ಟು ಆಡಿಸಿದೆ. ಕಾಣುವುದಕ್ಕಿಂತ ಭಾರ. ಬೆರಳಿಗೆ ಮಸಿ ಹತ್ತಿತು. ಸ್ಕೇಟಿನ ಅಲಗೂ ಇದರಿಂದಲೇ ಆಗಿದ್ದು ಅನ್ನುವ ಯೋಚನೆ ಬಂದು, ಆಮೇಲೆ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ.

ಸಂಜೆ ರೂಮಿನಲ್ಲಿ ಫೋನಿನಲ್ಲಿ 2016ರ ಅಕ್ಟೋಬರಿನ ವಿಡಿಯೋ ಹಾಕಿ ನೋಡಿದೆ. ಲೀಫ್ಸ್ ತಂಡ 21ನೇ ನಂಬರನ್ನು ನಿವೃತ್ತಿ ಮಾಡಿದ ರಾತ್ರಿ. ಇನ್ನು ಆ ನಂಬರಿನ ಅಂಗಿ ಯಾರಿಗೂ ಇಲ್ಲ. ಆಗಿನ್ನೂ ಕಾಯಿಲೆಯ ಸುಳಿವಿರಲಿಲ್ಲ. ಅಗಲ ಭುಜ, ಬೆಳ್ಳಿ ಕೂದಲು. ಬಲಗೈ ತಾನಾಗಿಯೇ ಮೇಲೆದ್ದು ಜನರತ್ತ ಬೀಸಿತು. ಅದನ್ನೇ ಎರಡು ಮೂರು ಸಲ ಹಿಂದೆ ತಿರುಗಿಸಿ ನೋಡಿದೆ.

ನಡುರಾತ್ರಿ ಕಳೆದ ಮೇಲೆ ಗಣಿಯಲ್ಲಿ ಸಿಡಿಮದ್ದು ಹಚ್ಚುತ್ತಾರೆ, ಎಚ್ಚರ ಇದ್ದರೆ ಗೊತ್ತಾಗುತ್ತೆ ಅಂತ ಮನೆಯೊಡತಿ ಹೇಳಿದ್ದರು. ನಾನು ಹಳೆಯ ಊರಿನ ಕಡೆಯೇ ರೂಮು ಹಿಡಿದಿದ್ದೆ. ದೀಪ ಆರಿಸಿ, ಕಿಟಕಿಯ ಕಟ್ಟೆಯ ಮೇಲೆ ಪೆಲೆಟ್‌ಗಳನ್ನು ಒಂದು ತಟ್ಟೆಯಲ್ಲಿ ಇಟ್ಟು ಕಾದು ಕೂತೆ. ಒಂದು ಗಂಟೆ ದಾಟಿತು. ಹೊರಗೆ ಒಂದು ಕಾರು ಹೋಯಿತು, ಮತ್ತೆ ಎಲ್ಲ ತಣ್ಣಗೆ. ಆಮೇಲೆ ಸದ್ದಿಗಿಂತ ಮೊದಲು ಮಂಚದ ಕಾಲಿನಿಂದ ಒಂದು ನಡುಕ ಬಂತು. ತಟ್ಟೆಯಲ್ಲಿದ್ದ ಗುಂಡುಗಳು ಟಿಕಿಟಿಕಿ ಅಂತ ಒಂದಕ್ಕೊಂದು ಬಡಿದು, ಒಂದು ಸುತ್ತು ಹೊರಳಿ, ನಿಂತವು.